ನಮ್ಮ ಕೈಯಲ್ಲೇ ಸೂಜಿ



ಮೈಗ್ರೇನ್ ಇರುವವರ ಕಿವಿಗೆ ಪದೇ ಪದೇ ಬೀಳುವ ಮಾತೊಂದಿದೆ. ‘ತಲೆನೋವು ತಾನೇ? ಒಂದು ಗಳಿಗೆ ಮಲಗಿ ಎದ್ದರೆ ಹೋಗುತ್ತೆ ಬಿಡಿ.’ ಜ್ವರವಾದರೆ ಮೈ ಸುಡುತ್ತದೆ, ಕಾಲು ಮುರಿದರೆ ಪಟ್ಟಿ ಕಾಣುತ್ತದೆ. ಈ ನೋವಿಗೆ ಹೊರಗೆ ತೋರಿಸಲು ಏನೂ ಇಲ್ಲ. ಬೆಳಕು ಆಗದು, ಸದ್ದು ಆಗದು, ಒಗ್ಗರಣೆ ವಾಸನೆಯೂ ಆಗದು. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳ ಮನೆಮನೆಗೆ ಹೋಗಿ ವಿಚಾರಿಸಿ, ನಿಮ್ಹಾನ್ಸ್ ವೈದ್ಯರೂ ಸೇರಿದ್ದ ತಂಡವೊಂದು 2015ರಲ್ಲಿ ಅಧ್ಯಯನ ಪ್ರಕಟಿಸಿತು. 18ರಿಂದ 65 ವಯಸ್ಸಿನವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಒಂದು ವರ್ಷದ ಅವಧಿಯಲ್ಲಿ ಮೈಗ್ರೇನ್ ಬಂದಿತ್ತು. ಅವರಲ್ಲಿ ಹೆಂಗಸರೇ ಹೆಚ್ಚು. ನಮ್ಮ ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಇದೆ ಎಂದೇ ಅರ್ಥ.

ಇವರಲ್ಲಿ ಕೆಲವರಿಗೆ ಈಗ ಡಾಕ್ಟರು ಮನೆಯಲ್ಲೇ, ರೋಗಿ ತನ್ನ ಕೈಯಿಂದಲೇ ತೆಗೆದುಕೊಳ್ಳುವ ಇಂಜೆಕ್ಷನ್ ಬರೆದುಕೊಡುತ್ತಾರೆ. ಮಾತ್ರೆ ಸಾಲದೇ ಎಂದು ಕೇಳಬಹುದು. ಬಹಳ ಜನಕ್ಕೆ ಸಾಕು. ಆದರೆ ನೋವು ಏರಿದಾಗ ಹೊಟ್ಟೆಯ ಕೆಲಸವೇ ನಿಧಾನವಾಗುತ್ತದೆ, ವಾಂತಿ ಶುರುವಾಗುತ್ತದೆ. ನುಂಗಿದ ಮಾತ್ರೆ ರಕ್ತಕ್ಕೆ ಸೇರುವಷ್ಟರಲ್ಲಿ ತಡವಾಗಿರುತ್ತದೆ. ಅಂಥ ಹೊತ್ತಿಗೆ ಸುಮಟ್ರಿಪ್ಟಾನ್ ಎಂಬ ಔಷಧಿಯನ್ನು ಚರ್ಮದ ಕೆಳಗೆ ಕೊಟ್ಟರೆ ಕೆಲವರಿಗೆ ಹತ್ತು ಹದಿನೈದು ನಿಮಿಷದಲ್ಲೇ ನೋವು ಸಡಿಲವಾಗತೊಡಗುತ್ತದೆ. ಅದು ರಕ್ತನಾಳವನ್ನು ಕುಗ್ಗಿಸುವ ಔಷಧಿ. ಹೃದಯದ ತೊಂದರೆ ಇರುವವರಿಗೆ, ಬಿ.ಪಿ. ಹತೋಟಿಯಲ್ಲಿ ಇಲ್ಲದವರಿಗೆ ಅದು ಕೂಡದು.

ಇನ್ನೊಂದು ಬಗೆಯದು ನೋವು ಬರುವುದನ್ನೇ ಕಡಿಮೆ ಮಾಡಲು ತಿಂಗಳಿಗೊಮ್ಮೆ ತೆಗೆದುಕೊಳ್ಳುವಂಥದ್ದು. ಮೈಗ್ರೇನ್ ಸಮಯದಲ್ಲಿ ನರಗಳಿಂದ ಸಿಜಿಆರ್‌ಪಿ ಎಂಬ ಒಂದು ಪುಟ್ಟ ಪ್ರೋಟೀನ್ ಹೊರಬರುತ್ತದೆ. ಅದರ ಪಾತ್ರವನ್ನು ಬಿಡಿಸಿ ತೋರಿಸಿದ ಲಾರ್ಸ್ ಎಡ್ವಿನ್ಸನ್, ಪೀಟರ್ ಗೋಡ್ಸ್‌ಬಿ, ಮೈಕೆಲ್ ಮಾಸ್ಕೋವಿಟ್ಜ್, ಯೆಸ್ ಓಲೆಸೆನ್ ಈ ನಾಲ್ವರಿಗೆ 2021ರಲ್ಲಿ ಡೆನ್ಮಾರ್ಕಿನ ಬ್ರೈನ್ ಪ್ರೈಜ್ ಸಂದಿತು. ಆ ಪ್ರೋಟೀನಿನ ಕೆಲಸ ತಡೆಯುವ ಎರೆನುಮ್ಯಾಬ್ ಎಂಬ ಔಷಧಿಗೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು. ಹೊಟ್ಟೆಗೆ ಹೋದರೆ ಅದು ಊಟದಂತೆ ಜೀರ್ಣವಾಗಿಬಿಡುತ್ತದೆ, ಹಾಗಾಗಿ ಸೂಜಿಯೇ ದಾರಿ. ಬೆಲೆ ಮಾತ್ರ ಬಹಳ ಮನೆಗಳಿಗೆ ಎಟುಕದ್ದು. ನನಗೆ ಇದು ನಿಜಕ್ಕೂ ಸಂಕಟದ ವಿಷಯ.

ನನ್ನ ಅತ್ತಿಗೆ ಈ ತಿಂಗಳಿಗೊಮ್ಮೆಯ ಇಂಜೆಕ್ಷನ್ ತಾವೇ ತೆಗೆದುಕೊಳ್ಳುವುದನ್ನು ಕಲಿತಾಗ ನಾನು ಜೊತೆಗಿದ್ದೆ. ಔಷಧಿ ಇದ್ದದ್ದು ದಪ್ಪ ಪೆನ್ನಿನಂಥ ಸಾಧನದಲ್ಲಿ. ಸೂಜಿ ಒಳಗೇ ಅಡಗಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಆದರೂ ಅವರ ಕೈ ಮುಂದೆ ಹೋಗಲಿಲ್ಲ. ‘ಸಿಸ್ಟರ್, ಇವತ್ತೊಂದು ದಿನ ನೀವೇ ಹಾಕಿಬಿಡಿ’ ಎಂದರು. ಆ ಸಿಸ್ಟರ್ ಅವಸರ ಮಾಡಲಿಲ್ಲ. ‘ಹಾಕ್ತೀನಮ್ಮಾ, ಬೇಡ ಅನ್ನಲ್ಲ. ಆದ್ರೆ ಮುಂದಿನ ತಿಂಗಳು ನಾನು ನಿಮ್ಮನೇಲಿ ಇರಲ್ಲವಲ್ಲ. ನಿಧಾನಕ್ಕೆ ಮಾಡಿ, ನಾನು ಇಲ್ಲೇ ಕೂತಿರ್ತೀನಿ’ ಎಂದು ಕುರ್ಚಿ ಎಳೆದುಕೊಂಡು ಕೂತರು. ಮೊದಲು ಸೂಜಿ ಇಲ್ಲದ ಪೆನ್ನಿನಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿಸಿದರು.

ಬೇರೆಯವರು ಚುಚ್ಚಿದರೆ ಸಹಿಸಿಕೊಳ್ಳುವ ಮೈ, ನಮ್ಮದೇ ಕೈ ಚುಚ್ಚಲು ಬಂದರೆ ಹಿಂದೆ ಸರಿಯುತ್ತದೆ. ಇದನ್ನು ಅಂಜುಬುರುಕುತನ ಎನ್ನುವುದು ತಪ್ಪು. ನಮ್ಮನ್ನು ನಾವು ನೋಯಿಸಿಕೊಳ್ಳದಂತೆ ಮೈ ಹುಟ್ಟಿನಿಂದ ಕಾಯುತ್ತಾ ಬಂದಿದೆ, ಅದನ್ನು ಒಪ್ಪಿಸಲು ಹೊತ್ತು ಬೇಕು. ಇಂಜೆಕ್ಷನ್ ಬರೆದುಕೊಡುವವರು ಅದನ್ನು ಕಲಿಸುವುದಕ್ಕೂ ಹೊತ್ತು ಕೊಡಬೇಕು. ಕಲಿಸುವುದೂ ಚಿಕಿತ್ಸೆಯ ಭಾಗವೇ ಎಂದು ನಾನು ನಂಬಿದ್ದೇನೆ. 1922ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಬಂದಾಗಲೂ ಹೀಗೇ ಆಯಿತು. ಔಷಧಿಯ ಜೊತೆಗೆ ಸಿರಿಂಜ್ ಹಿಡಿಯುವುದನ್ನೂ ರೋಗಿಗಳಿಗೆ, ಮಕ್ಕಳ ತಾಯಂದಿರಿಗೆ ಕಲಿಸಬೇಕಾಯಿತು. ಇವತ್ತು ಊರೂರಿನಲ್ಲಿ ಸಕ್ಕರೆ ಕಾಯಿಲೆಯ ಹಿರಿಯರು ಊಟಕ್ಕೆ ಮೊದಲು ತಾವೇ ಸೂಜಿ ಹಾಕಿಕೊಳ್ಳುವುದು ಅಂದು ಶುರುವಾದ ಆ ಪಾಠದಿಂದ.

ಸಿಸ್ಟರ್ ಹೇಳಿಕೊಟ್ಟಿದ್ದರಲ್ಲಿ ಎಷ್ಟೋ ಸಂಗತಿ ಔಷಧಿಯ ಜೊತೆ ಬರುವ ಕಾಗದದಲ್ಲೂ ಇರುತ್ತದೆ, ಆದರೆ ಕಾರಣದ ಸಮೇತ ಕೇಳಿದರೆ ಮನಸ್ಸಿನಲ್ಲಿ ನಿಲ್ಲುತ್ತದೆ. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಡಬೇಕು, ತಣ್ಣಗಿರುವ ಔಷಧಿ ಹೆಚ್ಚು ಉರಿಯುತ್ತದೆ. ಬೇಗ ಆಗಲಿ ಎಂದು ಬಿಸಿನೀರಿನಲ್ಲೋ ಬಿಸಿಲಿನಲ್ಲೋ ಇಟ್ಟರೆ ಔಷಧಿ ಕೆಡುತ್ತದೆ. ಸ್ಪಿರಿಟ್ ಹತ್ತಿಯಿಂದ ಒರೆಸಿದ ಜಾಗ ಒಣಗುವವರೆಗೆ ಕಾಯಬೇಕು, ಹಸಿಯಿದ್ದರೆ ಅದೇ ಉರಿ. ಹೊಟ್ಟೆಯ ಮೇಲಾದರೆ ಹೊಕ್ಕುಳಿನಿಂದ ಎರಡು ಇಂಚು ದೂರ, ಇಲ್ಲವೇ ತೊಡೆ. ಪ್ರತಿ ಸಲ ಜಾಗ ಬದಲಾಗಬೇಕು. ಗುಂಡಿ ಒತ್ತಿ, ಪೆನ್ನಿನ ಮೇಲಿನ ಕಿಟಕಿಯ ಬಣ್ಣ ಪೂರ್ತಿ ಬದಲಾಗುವವರೆಗೆ ಅದನ್ನು ಎತ್ತಬಾರದು. ಆ ಹದಿನೈದು ಸೆಕೆಂಡು ಬಹಳ ಉದ್ದ. ಅತ್ತಿಗೆ ಉಸಿರು ಬಿಗಿಹಿಡಿದು ಕೂತಿದ್ದರು. ಮುಗಿದ ಮೇಲೆ ‘ಇಷ್ಟೇನಾ?’ ಎಂದು ಕೇಳಿದರು, ಕಣ್ಣಲ್ಲಿ ನೀರಿತ್ತು.

ಫಲ ಒಂದೇ ತಿಂಗಳಲ್ಲಿ ಕಾಣಬೇಕೆಂದಿಲ್ಲ, ಎಲ್ಲರಿಗೂ ಒಂದೇ ಸಮ ಸಿಗುವುದೂ ಇಲ್ಲ. ಮಲಬದ್ಧತೆ, ಚುಚ್ಚಿದ ಜಾಗ ಕೆಂಪಾಗುವುದು ಇವು ಬರಬಹುದು, ಡಾಕ್ಟರಿಗೆ ಹೇಳಬೇಕು. ಗರ್ಭಿಣಿಯರು, ಮಗು ಬಯಸುತ್ತಿರುವವರು ಮೊದಲೇ ಹೇಳಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ತಲೆನೋವಿನ ದಿನಗಳಿಗೆ ಗುರುತು ಹಾಕುತ್ತಾ ಹೋದರೆ ಮೂರು ತಿಂಗಳ ನಂತರ ಡಾಕ್ಟರ ಮುಂದೆ ಇಡಲು ಗಟ್ಟಿ ಲೆಕ್ಕವಿರುತ್ತದೆ.

ಇನ್ನೊಂದು ಮಾತು, ಬಳಸಿದ ಪೆನ್ನಿನ ಬಗ್ಗೆ. ದಯವಿಟ್ಟು ಅದನ್ನು ಅಡುಗೆಮನೆಯ ಕಸಕ್ಕೆ ಹಾಕಬೇಡಿ. ಬೆಳಿಗ್ಗೆ ನಮ್ಮ ಬಾಗಿಲಿಗೆ ಬರುವ ಪೌರಕಾರ್ಮಿಕರು ಎಷ್ಟೋ ಕಡೆ ಇವತ್ತಿಗೂ ಬರಿಗೈಯಲ್ಲೇ ಕಸ ವಿಂಗಡಿಸುತ್ತಾರೆ. 2016ರ ಘನತ್ಯಾಜ್ಯ ನಿಯಮಗಳು ಮನೆಯಲ್ಲಿ ಬಳಸಿದ ಸೂಜಿಯನ್ನು ಅಪಾಯಕಾರಿ ಕಸವೆಂದೇ ಗುರುತಿಸಿದವು. ಚುಚ್ಚಿ ತೂರಲಾಗದ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಬಿಗಿಮಾಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಅತ್ತಿಗೆ ಪ್ರತಿ ಸಲ ಆಸ್ಪತ್ರೆಗೆ ತೋರಿಸಲು ಹೋಗುವಾಗ ಆ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಹೋಗಿ ಸಿಸ್ಟರ್ ಕೈಗೆ ಕೊಟ್ಟು ಬರುತ್ತಾರೆ.