ಚಹಾದಲ್ಲಿ ಅದ್ದಿದ ನಕ್ಷೆ, ಟ್ರಂಕಿನಲ್ಲಿದ್ದ ನಕ್ಷೆ

(ಬ್ಯಾಡಗಿಯಲ್ಲಿ ಶಿಕ್ಷಕರು ಹಾಗೂ ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸದ ಬರಹರೂಪ)



ಮೆಣಸಿನಕಾಯಿ ಪೇಟೆಯ ಊರಿಗೆ ಬಂದು ಬಣ್ಣ ಮತ್ತು ಸುಕ್ಕಿನ ಬಗ್ಗೆ ಮಾತನಾಡುವುದು ಸ್ವಲ್ಪ ಧೈರ್ಯದ ಕೆಲಸವೇ. ಆ ಎರಡನ್ನೂ ನಿಮ್ಮಷ್ಟು ಬಲ್ಲವರು ಬೇರೆ ಕಡೆ ಸಿಗುವುದು ಕಷ್ಟ. ಕಡ್ಡಿಕಾಯಿಯ ಸುಕ್ಕನ್ನು ಬೆರಳಲ್ಲಿ ಹಿಡಿದು, ಮುರಿದು, ಮೂಗಿನ ಹತ್ತಿರ ತಂದು, ಇದು ಈ ವರ್ಷದ ಮಾಲೋ ಶೀತಲಗೃಹದಿಂದ ಹೊರಬಂದದ್ದೋ ಎಂದು ಹೇಳುವವರು ಈ ಊರಿನಲ್ಲಿದ್ದಾರೆ. ಬಣ್ಣ ಹಾಕಿದ ಕಾಯಿಗೂ ಬಣ್ಣ ಬಂದ ಕಾಯಿಗೂ ಇರುವ ವ್ಯತ್ಯಾಸ ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅದೇ ಕಣ್ಣನ್ನು ಇವತ್ತು ಸ್ವಲ್ಪ ಹೊತ್ತು ಕಾಗದದ ಕಡೆಗೆ ತಿರುಗಿಸಿ ಎಂದಷ್ಟೇ ನನ್ನ ವಿನಂತಿ.

ಕೆಲವು ತಿಂಗಳ ಹಿಂದೆ ಈ ಭಾಗದ ಒಬ್ಬ ಸ್ನೇಹಿತರ ಮನೆಗೆ ಹೋಗಿದ್ದೆ. ಹೊಸ ಮನೆ. ಪಡಸಾಲೆಯ ಗೋಡೆಗೆ ದೊಡ್ಡದೊಂದು ನಕ್ಷೆ. ಕಂದು ಬಣ್ಣ, ಸುಟ್ಟ ಅಂಚು, ಅಲ್ಲಲ್ಲಿ ಕಲೆ, ಮೇಲೆ ಕಪ್ಪು ಚೌಕಟ್ಟು. ಸ್ನೇಹಿತರು, “ನೂರು ವರ್ಷದ್ದು ಅನ್ನಿಸ್ತದಲ್ರೀ?” ಎಂದು ಕೇಳಿದರು. ಹತ್ತಿರ ಹೋಗಿ ನೋಡಿದೆ. ಅದರಲ್ಲಿ ‘ಹಾವೇರಿ ಜಿಲ್ಲೆ’ ಎಂದು ಮುದ್ರಿಸಿತ್ತು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ನಾನು ನಕ್ಕೆ, ಅವರೂ ನಕ್ಕರು. ಒಳಗಿನಿಂದ ಅವರ ಮಗಳು ಬಂದು, “ಕಾಕಾ, ಚಹಾಪುಡಿ ಸಾಲಲಿಲ್ಲ, ಕಾಫಿಪುಡಿನೂ ಹಾಕೀನಿ” ಎಂದಳು.

ಹುಡುಗಿಯ ಕೈಕೆಲಸ ಚೆನ್ನಾಗಿತ್ತು. ಅದರಲ್ಲಿ ತಪ್ಪೇನೂ ಇಲ್ಲ. ಮನೆಯನ್ನು ಒಂದು ಕಲ್ಪನೆಗೆ ತಕ್ಕಂತೆ ಅಲಂಕರಿಸುವುದು ಈಗಿನ ರೂಢಿ. ಮಕ್ಕಳ ಕೋಣೆಗೆ ಹಡಗುಗಳ್ಳರ ನಕ್ಷೆ, ಪಡಸಾಲೆಗೆ ಹಳೆಯ ಪ್ರಪಂಚದ ನಕ್ಷೆ. ಮಾಡುವ ವಿಧಾನವೂ ಸುಲಭ. ಎರಡು ಲೋಟ ನೀರಿಗೆ ಮೂರು ನಾಲ್ಕು ಚಮಚ ಚಹಾಪುಡಿ ಹಾಕಿ ಕುದಿಸಿ, ಸೋಸಿ, ಆರಿಸಬೇಕು. ನಕ್ಷೆಯ ಜೆರಾಕ್ಸ್ ಪ್ರತಿಯನ್ನು ಮುದ್ದೆ ಮಾಡಿ, ಬಿಡಿಸಿ, ಅಗಲವಾದ ಪರಾತದಲ್ಲಿ ಆ ನೀರಿಗೆ ಅದ್ದಬೇಕು. ನೆರಳಲ್ಲಿ ಒಣಗಿಸಿ, ಮೇಲೆ ಬಟ್ಟೆ ಹಾಸಿ ಇಸ್ತ್ರಿ ಮಾಡಬೇಕು. ಶಾಯಿ ಚಿಮ್ಮಿಸುವ ಕಂಪ್ಯೂಟರ್ ಪ್ರಿಂಟರಿನ ಪ್ರತಿ ಆದರೆ ನೀರಿಗೆ ಬಣ್ಣ ಹರಡಬಹುದು. ಜೆರಾಕ್ಸಿನ ಕಪ್ಪು ಪುಡಿ ಕಾಗದಕ್ಕೆ ಕರಗಿ ಅಂಟಿರುವುದರಿಂದ ಹರಡುವುದಿಲ್ಲ. ಅಂಚನ್ನು ಮೇಣದಬತ್ತಿಯಿಂದ ಸುಡುವುದಕ್ಕಿಂತ ಮರಳು ಕಾಗದದಿಂದ ಉಜ್ಜುವುದು ಲೇಸು. ಮನೆಯೂ ಉಳಿಯುತ್ತದೆ.

ಚಹಾ ಯಾಕೆ? ಅದರಲ್ಲಿರುವ ಟ್ಯಾನಿನ್ ಎಂಬ ಒಗರು ಕಾಗದದ ನಾರಿಗೆ ಹಿಡಿದುಕೊಳ್ಳುತ್ತದೆ. ಹಾನಗಲ್, ಶಿರಸಿ ಕಡೆ ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಲ್ಲಿರುವುದೂ ಅದೇ ಜಾತಿಯ ಒಗರು. ಹಾಗಾದರೆ ಬ್ಯಾಡಗಿ ಮೆಣಸಿನಕಾಯಿ ಬಣ್ಣ ಬಳಸಬಹುದೇ ಎಂದು ನೀವು ಕೇಳಬಹುದು. ಪ್ರಯೋಜನವಿಲ್ಲ. ಕಾಯಿಯ ಕೆಂಪು ಎಣ್ಣೆಯಲ್ಲಿ ಕರಗುತ್ತದೆಯೇ ಹೊರತು ನೀರಿನಲ್ಲಲ್ಲ. ಕಾಗದದ ಮೇಲೆ ಎಣ್ಣೆಯ ಕಲೆ ಉಳಿಯುತ್ತದೆ, ಬೆಳಕಿಗೆ ಕೆಂಪು ಮಾಸುತ್ತದೆ. ಮಾಲನ್ನು ನೀವು ಶೀತಲಗೃಹದ ಕತ್ತಲೆಯಲ್ಲಿ ಇಡುವುದೂ ಅದಕ್ಕೇ. ಒಂದು ವಿಚಿತ್ರ ನೋಡಿ: ಬೆಳಕು ಬಿದ್ದರೆ ಕಾಯಿಯ ಬಣ್ಣ ಹೋಗುತ್ತದೆ, ಸುದ್ದಿಪತ್ರಿಕೆಗೆ ಬಣ್ಣ ಬರುತ್ತದೆ.

ಇಲ್ಲಿಂದ ಮುಂದೆ ಒಂದು ಪ್ರಶ್ನೆ. ಹಳೆಯದೆಂದರೆ ಕಂದು ಎಂದು ನಮಗೆ ಹೇಳಿದವರು ಯಾರು?

ಕಾಗದ ಕಂದಾಗುವುದಕ್ಕೆ ವಯಸ್ಸೊಂದೇ ಕಾರಣವಲ್ಲ. ಮರವನ್ನು ಅರೆದು ಮಾಡಿದ ಕಾಗದದಲ್ಲಿ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ. ಗಾಳಿ ಬೆಳಕು ತಾಗಿದರೆ ಅದು ಹಳದಿಯಾಗಿ, ಆಮೇಲೆ ಕಂದಾಗುತ್ತದೆ. ಮಾಳಿಗೆಯ ಬಿಸಿಲಿನಲ್ಲಿ ಒಂದು ವಾರ ಬಿಟ್ಟ ಪತ್ರಿಕೆಯನ್ನು ನೋಡಿದರೆ ಸಾಕು. ಇಂಥ ಕಾಗದ ವ್ಯಾಪಕವಾಗಿ ಬಂದದ್ದು 19ನೆಯ ಶತಮಾನದ ಉತ್ತರಾರ್ಧದಲ್ಲಿ. ಅದಕ್ಕೂ ಮೊದಲು ಚಿಂದಿಬಟ್ಟೆಯಿಂದ ಕಾಗದ ಮಾಡುತ್ತಿದ್ದರು. ಒಣ ಜಾಗದಲ್ಲಿ ಮಡಚಿಟ್ಟಿದ್ದ ಅಂಥ ನಕ್ಷೆ ಇನ್ನೂರು ವರ್ಷ ಕಳೆದರೂ 1990ರ ಸುದ್ದಿಪತ್ರಿಕೆಗಿಂತ ಬೆಳ್ಳಗೆ ಇರಬಹುದು. ಇನ್ನು ನಮ್ಮ ನಾಡಿನ ಕಡತಗಳು ಕಂದೂ ಅಲ್ಲ, ಬಿಳಿಯೂ ಅಲ್ಲ; ಕಪ್ಪು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬಿಳಿಯಾಗಿ ಬರೆಯುತ್ತಿದ್ದರು. ಕಚೇರಿಯ ಕಾಗದದ ಕಟ್ಟಿಗೆ ಇಂದಿಗೂ ಕಡತ ಎನ್ನುವುದು ಆ ನೆನಪಿನಿಂದ. ಕಂದು ಕಾಗದ, ಸುಟ್ಟ ಅಂಚು ಎಂಬುದು ಸಿನಿಮಾ ಕಲಿಸಿದ ಹಳತನ. ನಮ್ಮ ಟ್ರಂಕುಗಳ ಹಳತನವಲ್ಲ.

ನಿಜವಾದ ಹಳೆಯ ನಕ್ಷೆಯ ಗುರುತು ಬೇರೆ ಕಡೆ ಇರುತ್ತದೆ. ಅದು ಸವೆಯುವುದು ಮಡಿಕೆಯ ಗೆರೆಗಳಲ್ಲಿ, ಕೈ ಹಿಡಿಯುವ ಮೂಲೆಗಳಲ್ಲಿ. ಹುಳ ತಿಂದ ತೂತು ಮಡಿಕೆಯ ಈಚೆ ಇದ್ದರೆ, ಅದೇ ಅಳತೆಯಲ್ಲಿ ಆಚೆಯೂ ಇರುತ್ತದೆ. ಮಡಚಿಟ್ಟ ಕಾಗದವನ್ನು ಹುಳ ಒಂದೇ ಸಲಕ್ಕೆ ಕೊರೆದಿರುತ್ತದೆ. ಎಲ್ಲಕ್ಕಿಂತ ಮುಖ್ಯ ಗುರುತು ಹೆಸರುಗಳದು. ನಿಮ್ಮದೇ ಭಾಗವನ್ನು ತೆಗೆದುಕೊಳ್ಳಿ. 1884ರಲ್ಲಿ ಧಾರವಾಡ ಜಿಲ್ಲೆಯ ಗೆಜೆಟಿಯರ್ ಪ್ರಕಟವಾದಾಗ ಈ ಸೀಮೆಯ ತಾಲೂಕುಗಳ ಪಟ್ಟಿಯಲ್ಲಿ ಹಾವೇರಿ ಇರಲಿಲ್ಲ, ಕರಜಗಿ ಇತ್ತು. ಹಿರೇಕೆರೂರು ಇರಲಿಲ್ಲ, ಕೋಡ ಇತ್ತು. ರಾಣೆಬೆನ್ನೂರು ಆಗಲೂ ತಾಲೂಕು. ಬ್ಯಾಡಗಿ ಆ ಪಟ್ಟಿಯಲ್ಲಿಲ್ಲ. ನಕ್ಷೆಯಲ್ಲಿ ಬೊಂಬಾಯಿ ಪ್ರಾಂತದ ಹೆಸರಿದ್ದರೆ ಅದು 1956ಕ್ಕಿಂತ ಹಿಂದಿನ ಮಾತು. ಈ ಜಿಲ್ಲೆಗೆ ಮೈಸೂರು ರಾಜ್ಯ ಎಂದಿದ್ದರೆ 1956ರಿಂದ 1973ರ ನಡುವಿನದು. ಕರ್ನಾಟಕ ರಾಜ್ಯ ಎಂದಿದ್ದರೆ ಆಮೇಲಿನದು. ಬಣ್ಣ ಸುಳ್ಳು ಹೇಳಿದರೂ ಹೆಸರು ಸುಲಭವಾಗಿ ಹೇಳುವುದಿಲ್ಲ.

ದೊಡ್ಡವರೂ ಮೋಸಹೋದದ್ದುಂಟು. 1965ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯ ‘ವಿನ್‌ಲ್ಯಾಂಡ್ ನಕ್ಷೆ’ ಎಂಬುದನ್ನು ಲೋಕಕ್ಕೆ ತೋರಿಸಿತು. ಕೊಲಂಬಸನಿಗಿಂತ ಮೊದಲೇ, 15ನೆಯ ಶತಮಾನದಲ್ಲಿ, ಅಮೆರಿಕದ ಕರಾವಳಿಯನ್ನು ಬರೆದ ನಕ್ಷೆ ಎಂಬುದು ಅದರ ಹಿರಿಮೆ. 1974ರಲ್ಲಿ ಶಾಯಿಯ ಪರೀಕ್ಷೆಯಾಯಿತು. ಅದರಲ್ಲಿ ಟೈಟೇನಿಯಂ ಸಂಯುಕ್ತ ಸಿಕ್ಕಿತು. ಅದು ಬಣ್ಣವಾಗಿ ಬಳಕೆಗೆ ಬಂದದ್ದೇ 20ನೆಯ ಶತಮಾನದಲ್ಲಿ. ವಾದ ವಿವಾದ ದಶಕಗಟ್ಟಲೆ ನಡೆದು, 2021ರಲ್ಲಿ ಯೇಲ್ ವಿಶ್ವವಿದ್ಯಾಲಯವೇ ಇದು ಖೊಟ್ಟಿ ಎಂದು ಸಾರಿತು. ಗಮನಿಸಬೇಕಾದ್ದು, ಅದರ ಚರ್ಮದ ಹಾಳೆ ನಿಜವಾಗಿಯೂ 15ನೆಯ ಶತಮಾನದ್ದು. ಹಾಳೆ ಹಳೆಯದು, ಮಾತು ಹೊಸದು.

ಈಗ ನನ್ನ ಸ್ನೇಹಿತರ ಮನೆಗೆ ಮರಳೋಣ. ಚಹಾ ಕುಡಿಯುತ್ತ, “ನಿಮ್ಮ ಅಜ್ಜನ ಕಾಲದ ಹೊಲದ ಕಾಗದ ಏನಾದರೂ ಇದ್ದಾವೇನು?” ಎಂದು ಕೇಳಿದೆ. ಅವರ ಮುಖ ಸ್ವಲ್ಪ ಬಾಡಿತು. “ಒಂದು ಟ್ರಂಕ್ ತುಂಬ ಇದ್ವು. ಮನಿ ಕಟ್ಟೋವಾಗ ಜಾಗ ಇರಲಿಲ್ಲ, ದೀಪಾವಳಿಗೆ ರದ್ದಿಗೆ ಹಾಕಿಬಿಟ್ವಿ” ಎಂದರು. ಅದರಲ್ಲಿ ಬಟ್ಟೆಗೆ ಅಂಟಿಸಿದ ಊರಿನ ನಕ್ಷೆಯೂ ಒಂದಿತ್ತಂತೆ. ಅದರ ಮೇಲೆ ಅಜ್ಜ ಪೆನ್ಸಿಲ್ಲಿನಲ್ಲಿ ಅಣ್ಣತಮ್ಮಂದಿರ ಪಾಲು, ಬಾವಿಯ ನೀರಿನ ಸರದಿ, ಬಂಡಿ ದಾರಿ ಎಲ್ಲ ಗುರುತು ಹಾಕಿದ್ದರಂತೆ. ಈಗ ಬದುವಿನ ಆಚೆಯವರು ಬಂಡಿ ದಾರಿ ಮುಚ್ಚಿದ್ದಾರೆ. ತಕರಾರು ನಡೆದಿದೆ.

ಆ ನಕ್ಷೆ ಏನೆಂದು ಹೇಳುತ್ತೇನೆ. ಬೊಂಬಾಯಿ ಪ್ರಾಂತದ ಕಂದಾಯ ಸರ್ವೆ ಈ ಸೀಮೆಗೆ ಬಂದದ್ದು 1840ರ ದಶಕದಲ್ಲಿ. ಆಗ ಹೊಲ ಹೊಲಕ್ಕೆ ಸರಪಳಿ ಹಿಡಿದು ನಡೆದರು. ಸರಪಳಿಯ ಉದ್ದ 33 ಅಡಿ. ಅದನ್ನು 16 ಆಣೆಯಾಗಿ ಭಾಗ ಮಾಡಿದ್ದರು. ಸರಪಳಿಯಷ್ಟೇ ಉದ್ದ, ಅಷ್ಟೇ ಅಗಲದ ನೆಲ ಒಂದು ಗುಂಟೆ; 40 ಗುಂಟೆಗೆ ಒಂದು ಎಕರೆ. ನಾವು ಇಂದಿಗೂ ಎಣಿಸುವುದು ಆ ಲೆಕ್ಕವನ್ನೇ. ಹೊಲದ ಅಳತೆ ಬರೆದ ಚಿತ್ರ ಟಿಪ್ಪಣಿ. ಹೊಲಗಳನ್ನೆಲ್ಲ ಕೂಡಿಸಿದ್ದು ಗ್ರಾಮ ನಕ್ಷೆ. ಒಂದು ಮೈಲಿಗೆ ಎಂಟು ಅಂಗುಲದ ಪ್ರಮಾಣದಲ್ಲಿ ಬರೆದ ಅದರಲ್ಲಿ ಹಳ್ಳ, ಕೆರೆ, ದಾರಿ ಎಲ್ಲ ಇರುತ್ತವೆ. ಮುಚ್ಚಿಹೋದ ಕೆರೆಯೂ ಅಲ್ಲಿ ಕೆರೆಯೇ.

ಸಮಾಧಾನದ ಸಂಗತಿ ಎಂದರೆ, ಗ್ರಾಮ ನಕ್ಷೆಯ ಪ್ರತಿ ಸರ್ವೆ ಇಲಾಖೆಯಲ್ಲಿ ಸಿಗುತ್ತದೆ. ಇಲಾಖೆಯ ಜಾಲತಾಣದಲ್ಲಿಯೂ ಇದೆ. ಆದರೆ ಅಜ್ಜನ ಪೆನ್ಸಿಲ್ ಗುರುತು ಎಲ್ಲಿಯೂ ಸಿಗುವುದಿಲ್ಲ. ಕಾನೂನು ಕೂಡ ಈ ವಿಷಯದಲ್ಲಿ ವಿವೇಕದಿಂದ ನಡೆದಿದೆ. 1872ರ ಸಾಕ್ಷ್ಯ ಕಾಯಿದೆಯ ಪ್ರಕಾರ, 30 ವರ್ಷ ದಾಟಿದ ದಾಖಲೆ ಇರಬೇಕಾದವರ ಹತ್ತಿರವೇ ಇದ್ದು ಹೊರಬಂದರೆ, ಅದರ ಸಹಿ, ಕೈಬರಹ ನಿಜವೆಂದು ನ್ಯಾಯಾಲಯ ಭಾವಿಸಬಹುದು. 2024ರ ಜುಲೈನಿಂದ ಜಾರಿಗೆ ಬಂದ ಹೊಸ ಕಾಯಿದೆಯೂ ಈ ನಿಯಮವನ್ನು ಉಳಿಸಿಕೊಂಡಿದೆ. ಅಂದರೆ ಕಾನೂನು ಕೇಳುವುದು ಕಾಗದ ಎಷ್ಟು ಕಂದಾಗಿದೆ ಎಂದಲ್ಲ; ಇಷ್ಟು ದಿನ ಯಾರ ಮನೆಯಲ್ಲಿತ್ತು ಎಂದು.

ಆದ್ದರಿಂದ ಮಕ್ಕಳಿಗೆ ನನ್ನ ಮಾತು ಇಷ್ಟೆ. ಚಹಾದ ಕೆಲಸ ಬೇಕಾದರೆ ಮಾಡಿ, ಆದರೆ ಪ್ರತಿಯ ಮೇಲೆ ಮಾತ್ರ ಮಾಡಿ. ಮೂಲ ಕಾಗದಕ್ಕೆ ಒಂದು ಹನಿಯೂ ತಾಗಬಾರದು. ಚಹಾದ ಹುಳಿ ಕಾಗದದ ನಾರನ್ನು ಬೇಗ ಮುರುಕು ಮಾಡುತ್ತದೆ. ಹಡಗುಗಳ್ಳರ ನಕ್ಷೆಯ ಬದಲು ನಿಮ್ಮ ಊರಿನ ಗ್ರಾಮ ನಕ್ಷೆಯನ್ನೇ ತೆಗೆದುಕೊಳ್ಳಿ. ನಿಮ್ಮ ಹಳ್ಳ, ನಿಮ್ಮ ಕೆರೆ ಗೋಡೆಯ ಮೇಲೆ ಬರಲಿ. ಬೆನ್ನಿಗೆ ‘ಇದು ನಕಲು’ ಎಂದು ಬರೆದು, ಮಾಡಿದ ತಾರೀಖು ಹಾಕಿ. ಇಲ್ಲವಾದರೆ ಐವತ್ತು ವರ್ಷದ ಮೇಲೆ ನಿಮ್ಮ ಮೊಮ್ಮಕ್ಕಳೇ ಅದನ್ನು ನಂಬಿ ಮೋಸಹೋಗುತ್ತಾರೆ.

ಹಿರಿಯರಿಗೆ ಇನ್ನೊಂದು ಮಾತು. ಮನೆಯಲ್ಲಿ ನಿಜವಾದ ಹಳೆಯ ಕಾಗದ ಇದ್ದರೆ ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಒಮ್ಮೆ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದಕ್ಕೆ ಪೆಟ್ಟಾಗದಂತೆ ಬಿಡಿಸುವುದು ಆಗದ ಮಾತು. ಒಂದು ಫೋಟೊ ತೆಗೆಸಿ. ಆಮೇಲೆ ಒಗೆದ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿ, ಗೋಡೆಯ ಹಸಿ ತಾಗದ ಕಡೆ ಇಡಿ. ವರ್ಷಕ್ಕೆರಡು ಸಲ ತೆರೆದು ಹುಳ ನೋಡಿ. ಮಾಲು ಕೆಡದಂತೆ ಇಡುವುದು ಈ ಊರಿಗೆ ಹೊಸ ವಿದ್ಯೆಯೇನಲ್ಲ.

ಬರುವ ದೀಪಾವಳಿಗೆ ಸುಣ್ಣ ಬಣ್ಣ ಶುರುಮಾಡುವ ಮೊದಲು ಟ್ರಂಕಿನ ಬಾಗಿಲು ತೆಗೆಯಿರಿ. ರದ್ದಿಯವನ ತಕ್ಕಡಿಗೆ ಹಾಕುವ ಮುಂಚೆ ಪ್ರತಿ ಹಾಳೆಯನ್ನೂ ಒಮ್ಮೆ ಬಿಡಿಸಿ ಓದಿ. ನಿಮ್ಮ ಹೊಲಕ್ಕೆ ಹೋಗುವ ದಾರಿ ಅದರಲ್ಲಿರಬಹುದು.