ಹಾಜರಿ ಹಾಕುವ ಫೋನು, ಉತ್ತರ ಹೇಳುವ ಮನುಷ್ಯ



ವಿಜಯಪುರ ಜಿಲ್ಲೆಯ ಬಸ್ಸುಗಳನ್ನು ಓಡಿಸುವುದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. ಅದರಲ್ಲಿ ಚಾಲಕನಾಗಬೇಕೆಂದು ಅರ್ಜಿ ಹಾಕಿದವರು ಬೀದರ್ ಜಿಲ್ಲೆಯ ಹುಮನಾಬಾದಿಗೆ ಹೋಗಿ, ಅಲ್ಲಿನ ಗಣಕೀಕೃತ ಪಥದಲ್ಲಿ ಬಸ್ಸು ಓಡಿಸಿ ತೋರಿಸಿದ್ದಾರೆ. ಬಸ್ಸು ಗೆರೆ ದಾಟಿತೇ, ಹಿಂದಕ್ಕೆ ಸರಿಯುವಾಗ ಅಂಚು ತಾಗಿತೇ ಎಂಬುದನ್ನು ಸಂವೇದಕಗಳೇ ದಾಖಲಿಸುತ್ತವೆ, ಗಣಕಯಂತ್ರವೇ ಅಂಕ ಕೊಡುತ್ತದೆ. ಪರೀಕ್ಷಕನ ಮರ್ಜಿಗೂ ದಲ್ಲಾಳಿಯ ಮಾತಿಗೂ ಅಲ್ಲಿ ಜಾಗ ಕಡಿಮೆ. ಯಾರ ಪರಿಚಯವೂ ಇಲ್ಲದ ಬಡವರ ಮನೆಯ ಹುಡುಗ ಸ್ಟೇರಿಂಗ್ ಹಿಡಿದ ಕೈಯ ಬಲದಿಂದಲೇ ನೌಕರಿ ಪಡೆಯುವುದೆಂದರೆ ಸಣ್ಣ ಮಾತಲ್ಲ. ನೇಮಕಾತಿಯಲ್ಲಿ ತಂತ್ರಜ್ಞಾನ ಬೇಕೇ ಬೇಡವೇ ಎಂಬ ಚರ್ಚೆಯನ್ನು ಈ ಒಂದು ಪಥವೇ ಮುಗಿಸಿಬಿಡುತ್ತದೆ. ಅದು ಬೇಕು. ಆದರೆ ಅದನ್ನು ಯಾರ ಕೈಗೆ ಕೊಡಲಾಗಿದೆ, ಅದು ತಪ್ಪಿದಾಗ ಯಾರು ಉತ್ತರ ಹೇಳುತ್ತಾರೆ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ನೆರೆಯ ಕಲಬುರಗಿಯಲ್ಲಿ ಬಯಲಾದ ಪರೀಕ್ಷಾ ಹಗರಣದ ಕಥೆಯನ್ನು ಇಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ (ಪಿಎಸ್‌ಐ) ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಉತ್ತರದ ಓಎಂಆರ್ ಹಾಳೆಗಳ ಮೌಲ್ಯಮಾಪನ ಮಾಡುವುದು ಯಂತ್ರವಾದ್ದರಿಂದ ಮೋಸ ಅಸಾಧ್ಯವೆಂದು ಎಲ್ಲರೂ ನಂಬಿದ್ದರು. ಯಂತ್ರ ಮೋಸ ಮಾಡಲಿಲ್ಲ, ನಿಜ. ಅದಕ್ಕೆ ಉಣಿಸುವ ಹಾಳೆಯನ್ನೇ ಮನುಷ್ಯರು ಬದಲಿಸಿದರು, ಖಾಲಿ ಬಿಟ್ಟ ವೃತ್ತಗಳನ್ನು ಆಮೇಲೆ ತುಂಬಿದರು, ಬ್ಲೂಟೂತ್‌ನಲ್ಲಿ ಉತ್ತರ ಉಸುರಿದರು. 2022ರ ಏಪ್ರಿಲ್‌ನಲ್ಲಿ ಆ ಪರೀಕ್ಷೆಯೇ ರದ್ದಾಯಿತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಪೊಲೀಸ್ ಅಧಿಕಾರಿಯೇ ಬಂಧನಕ್ಕೊಳಗಾದರು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಅಷ್ಟರಲ್ಲಿ 2023ರ ಅಕ್ಟೋಬರ್‌ನಲ್ಲಿ ನಿಗಮ ಮಂಡಳಿಗಳ ಹುದ್ದೆಗಳ ಪರೀಕ್ಷೆಯಲ್ಲೂ ಕಲಬುರಗಿ, ಯಾದಗಿರಿಗಳಲ್ಲಿ ಮತ್ತೆ ಬ್ಲೂಟೂತ್ ಸಿಕ್ಕಿಬಿತ್ತು. ಆಮೇಲಿನ ಪರೀಕ್ಷೆಗಳಿಗೆ ತುಂಬು ತೋಳಿನ ಅಂಗಿ ತೊಡುವಂತಿಲ್ಲವೆಂದಾಯಿತು, ಬಾಗಿಲಲ್ಲಿ ಲೋಹಶೋಧಕದ ತಪಾಸಣೆ ಬಂತು.

ವಿಜಯಪುರ ಜಿಲ್ಲೆಯ ಇಂಡಿಯಲ್ಲೋ ಸಿಂದಗಿಯಲ್ಲೋ ಬಾಡಿಗೆ ಕೋಣೆ ಹಿಡಿದು, ಹಗಲಿರುಳು ಓದಿ, ಪ್ರಾಮಾಣಿಕವಾಗಿ ಪರೀಕ್ಷೆ ಬರೆದವರಿಗೆ ಆ ಎರಡು ವರ್ಷಗಳನ್ನು ಯಾರೂ ಮರಳಿಸಲಾರರು.

ಇನ್ನೊಂದು ಗಾಯ ಭಾಷೆಯದು. ಕರ್ನಾಟಕ ಲೋಕಸೇವಾ ಆಯೋಗವು 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ ನಡೆಸಿತು. ಪ್ರಶ್ನೆಗಳ ಕನ್ನಡ ಎಷ್ಟು ಕೆಟ್ಟಿತ್ತೆಂದರೆ, ಕನ್ನಡ ಮಾಧ್ಯಮದ ಅಭ್ಯರ್ಥಿಗಳು ಪಕ್ಕದ ಇಂಗ್ಲಿಷ್ ಪ್ರಶ್ನೆ ಓದಿ ತಮ್ಮ ಭಾಷೆಯ ಪ್ರಶ್ನೆಯನ್ನು ಊಹಿಸಬೇಕಾಯಿತು. ಯಂತ್ರಾನುವಾದದ ಮೇಲೆ ಗುಮಾನಿ ಬಿತ್ತು. ಸರ್ಕಾರ ಮರುಪರೀಕ್ಷೆಗೆ ಆದೇಶಿಸಿತು. ಡಿಸೆಂಬರ್ 29ರ ಆ ಮರುಪರೀಕ್ಷೆಯ ಅನುವಾದದ ಬಗ್ಗೆಯೂ ಅದೇ ದೂರು! ಕನ್ನಡ ಬಲ್ಲ ಒಬ್ಬ ಮೇಷ್ಟ್ರು ಅಚ್ಚಿಗೆ ಮೊದಲು ಪ್ರಶ್ನೆಪತ್ರಿಕೆಯನ್ನು ನಿಧಾನವಾಗಿ ಓದಿದ್ದರೂ ಈ ಅವಮಾನ ತಪ್ಪುತ್ತಿತ್ತು.

ನೇಮಕವಾದ ಮೇಲಿನ ದಿನನಿತ್ಯದ ನಿರ್ವಹಣೆಗೆ ಬಂದರೆ, ಈ ಭಾಗದಲ್ಲಿ ಬಹಳಷ್ಟು ಜನರ ಹಾಜರಿ ಹಿಡಿದ ತಂತ್ರಜ್ಞಾನ ಯಾವುದೋ ದೊಡ್ಡ ಕಂಪನಿಯದಲ್ಲ, ಉದ್ಯೋಗ ಖಾತ್ರಿ ಯೋಜನೆಯದು. 2023ರ ಜನವರಿ 1ರಿಂದ ಖಾತ್ರಿಯ ಎಲ್ಲ ಸಾಮೂಹಿಕ ಕಾಮಗಾರಿಗಳಲ್ಲೂ ಎನ್‌ಎಂಎಂಎಸ್ ಎಂಬ ಮೊಬೈಲ್ ಆಪ್ ಕಡ್ಡಾಯವಾಯಿತು. ಕೆರೆಯ ಹೂಳೆತ್ತುವಲ್ಲಿ, ಬದು ಹಾಕುವಲ್ಲಿ ಕೂಲಿಕಾರರನ್ನು ನಿಲ್ಲಿಸಿ ದಿನಕ್ಕೆರಡು ಸಲ ಫೋಟೊ ತೆಗೆಯಬೇಕಿತ್ತು. ಫೋಟೊದೊಡನೆ ಜಾಗ ಮತ್ತು ಸಮಯ ದಾಖಲಾಗುತ್ತಿದ್ದವು. ಫೋಟೊ ತೆಗೆಯುವ ಹೊಣೆ ಕೂಲಿಕಾರರ ತಂಡದ ಮುಂದಾಳಾದ ಕಾಯಕ ಬಂಧುವಿನದಾಗಿತ್ತು. ಸುಳ್ಳು ಹೆಸರು ಬರೆದು ಕೂಲಿ ಎತ್ತುವುದನ್ನು ತಡೆಯುವುದು ಉದ್ದೇಶ, ಉದ್ದೇಶ ಒಳ್ಳೆಯದೇ. ಆದರೆ ಹೊಲದ ನಡುವೆ ನೆಟ್‌ವರ್ಕ್ ಸಿಗದಿದ್ದರೆ? ಬೆಳಗ್ಗೆಯೇ ಬಂದು ತಮ್ಮ ಪಾಲಿನ ಮಣ್ಣು ಅಗೆದು ಮುಗಿಸಿದವರು ಬಿಸಿಲಿನಲ್ಲಿ ಎರಡನೆಯ ಫೋಟೊಗಾಗಿ ಕಾಯಬೇಕಿತ್ತು. ಫೋಟೊ ಏರದಿದ್ದರೆ ಆ ದಿನದ ಕೂಲಿಗೇ ಸಂಚಕಾರ ಬರುತ್ತಿತ್ತು. 2025–26ರಲ್ಲಿ ಕರ್ನಾಟಕದ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಗುಳೆ ಹೋಗದೆ ಊರಲ್ಲೇ ಉಳಿದ ಹೆಣ್ಣುಮಗಳಿಗೆ ಆ 370 ರೂಪಾಯಿ ಎಂದರೆ ಮನೆಯ ಸಂತೆ.

ಆಪ್ ಕಡ್ಡಾಯವಾಗಿ ಎರಡೂವರೆ ವರ್ಷವಾದ ಮೇಲೆ, 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು ಅದರ ದುರ್ಬಳಕೆಗಳನ್ನು ಪಟ್ಟಿ ಮಾಡಿತು. ಕಾಮಗಾರಿಗೆ ಸಂಬಂಧವೇ ಇಲ್ಲದ ಚಿತ್ರಗಳು, ಫೋಟೊವನ್ನೇ ಫೋಟೊ ತೆಗೆದದ್ದು, ಒಬ್ಬರೇ ಹಲವು ಹಾಜರಿ ಪಟ್ಟಿಗಳಲ್ಲಿ. ಸಚಿವಾಲಯ ಕಂಡುಕೊಂಡ ಪರಿಹಾರವೇನು? ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಪ್ರತಿಯೊಂದು ಫೋಟೊವನ್ನೂ ಮನುಷ್ಯರು ಕಣ್ಣಾರೆ ಪರಿಶೀಲಿಸಬೇಕು! ಉದ್ಯೋಗದಾತರು ಈ ಪತ್ರದ ಮುಂದೆ ತುಸು ಹೊತ್ತು ನಿಲ್ಲಬೇಕು. ಇಷ್ಟು ದೊಡ್ಡ ಹಾಜರಿ ವ್ಯವಸ್ಥೆಗೂ ಕೊನೆಗೆ ಬೇಕಾದದ್ದು ಜವಾಬ್ದಾರಿ ಹೊತ್ತು ನೋಡುವ ಒಂದು ಜೊತೆ ಕಣ್ಣು. ಅದನ್ನು ಮೊದಲ ದಿನವೇ ಇಟ್ಟಿದ್ದರೆ ಕಳ್ಳನೂ ಸಿಗುತ್ತಿದ್ದ, ನಿಜವಾಗಿ ದುಡಿದವಳ ಕೂಲಿಯೂ ಉಳಿಯುತ್ತಿತ್ತು.

ಖಾಸಗಿ ವಲಯದ ದಾರಿಯೂ ಇತ್ತಲೇ ತಿರುಗಿದೆ. ಅಮೆಜಾನ್ ಕಂಪನಿ 2014ರಲ್ಲಿ ಅರ್ಜಿ ಸೋಸುವ ತಂತ್ರಾಂಶವೊಂದನ್ನು ಕಟ್ಟಲು ಹೊರಟಿತು. ಹತ್ತು ವರ್ಷಗಳಲ್ಲಿ ತನಗೆ ಬಂದ ಅರ್ಜಿಗಳನ್ನೇ ಅದಕ್ಕೆ ಪಾಠವಾಗಿ ಕೊಟ್ಟಿತು. ಆ ಅರ್ಜಿಗಳಲ್ಲಿ ಗಂಡಸರವೇ ಹೆಚ್ಚಿದ್ದುದರಿಂದ ತಂತ್ರಾಂಶ ಹೆಣ್ಣುಮಕ್ಕಳ ಅರ್ಜಿಗಳನ್ನು ಕೆಳಕ್ಕೆ ತಳ್ಳತೊಡಗಿತು. ಕಂಪನಿ ಅದನ್ನು ಕೈಬಿಟ್ಟಿತು, 2018ರಲ್ಲಿ ವಿಷಯ ಲೋಕಕ್ಕೆ ಗೊತ್ತಾಯಿತು. ಹಳೆಯ ಪಕ್ಷಪಾತವನ್ನು ಯಂತ್ರ ಹೊಸ ನಿಯಮವಾಗಿಸಬಲ್ಲದು. ದೊಡ್ಡ ಊರಿನ ಕಾಲೇಜುಗಳ ಇಂಗ್ಲಿಷ್ ಅರ್ಜಿಗಳನ್ನು ಓದಿ ಕಲಿತ ತಂತ್ರಾಂಶವೊಂದು ಮುದ್ದೇಬಿಹಾಳದ ಐಟಿಐ ಹುಡುಗನ ಅರ್ಜಿಯನ್ನು ಹೇಗೆ ಅಳೆಯುತ್ತದೆ? ಆ ಹುಡುಗನಿಗೆ ತಿರಸ್ಕಾರದ ಕಾರಣವಾದರೂ ತಿಳಿಯುತ್ತದೆಯೇ?

ಕಾರಣ ಕೇಳುವ ಹಕ್ಕನ್ನು ಕರ್ನಾಟಕವೇ ಒಂದು ವರ್ಗಕ್ಕೆ ಕೊಟ್ಟಿದೆ ಎಂಬುದು ಹೆಮ್ಮೆಯ ಸಂಗತಿ. ಆಪ್‌ಗಳ ಮೂಲಕ ಊಟ, ಸಾಮಾನು ತಲುಪಿಸುವವರಿಗಾಗಿ, ಟ್ಯಾಕ್ಸಿ ಓಡಿಸುವವರಿಗಾಗಿ ರಾಜ್ಯವು 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆ ತಂದಿತು. ಪ್ರತಿ ವಹಿವಾಟಿನಲ್ಲಿ ಕೆಲಸಗಾರನಿಗೆ ಸಲ್ಲುವ ಮೊತ್ತದ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಅದರಲ್ಲಿದೆ. ಕೆಲಸದಿಂದ ತೆಗೆಯುವುದಾದರೆ ಕಾರಣ ಬರೆದು 14 ದಿನ ಮೊದಲೇ ತಿಳಿಸಬೇಕು. ಕೆಲಸ ಹಂಚುವ, ಅಂಕ ಕೊಡುವ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆ ಕೆಲಸಗಾರ ಮಾಹಿತಿ ಕೇಳಬಹುದು, ಸಂದೇಹ ಬಂದಾಗ ಮಾತಾಡಲು ಒಬ್ಬ ಮನುಷ್ಯ ಸಿಗಬೇಕು. ಬೆಂಗಳೂರಿನ ಬೀದಿಗಳಿಗೆ ಸಲ್ಲುವ ಈ ನ್ಯಾಯ ಕೂಡಗಿಯ 2400 ಮೆಗಾವಾಟ್ ವಿದ್ಯುತ್ ಸ್ಥಾವರದ ಗುತ್ತಿಗೆ ಕಾರ್ಮಿಕನಿಗೂ, ಒಣದ್ರಾಕ್ಷಿ ಘಟಕದಲ್ಲಿ ದುಡಿಯುವ ಹೆಣ್ಣುಮಗಳಿಗೂ, ಗ್ಯಾಂಗಿನ ಮೇಸ್ತ್ರಿಯಾದ ಮುಕಾದಮನ ಮುಂಗಡ ಹಿಡಿದು ಕಬ್ಬು ಕಡಿಯಲು ಹೊರಟ ಗ್ಯಾಂಗಿಗೂ ಸಲ್ಲಲೇಬೇಕು.

ಆದ್ದರಿಂದ ಇಲ್ಲಿ ಕುಳಿತಿರುವ ಉದ್ಯೋಗದಾತರಲ್ಲಿ ನನ್ನ ಕೋರಿಕೆ ಇಷ್ಟು. ಬೆರಳಚ್ಚಿನ ಯಂತ್ರ ತನ್ನಿ, ಮುಖ ಗುರುತಿಸುವ ಕ್ಯಾಮೆರಾ ತನ್ನಿ, ಕೂಲಿಯನ್ನು ನೇರ ಖಾತೆಗೆ ಹಾಕಿ. ಜೊತೆಗೆ, ಮಣ್ಣು ಕೆಲಸದಲ್ಲಿ ಸವೆದ ಬೆರಳನ್ನು ಯಂತ್ರ ಗುರುತಿಸದ ದಿನ ಹಾಜರಿ ಬರೆಯಲು ಒಂದು ಪುಸ್ತಕವನ್ನೂ ಇಡಿ. ಬೆರಳಚ್ಚನ್ನು ಏಕೆ ತೆಗೆದುಕೊಳ್ಳುತ್ತೀರಿ, ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ ಎಂಬುದನ್ನು ಕನ್ನಡದಲ್ಲಿ ಬರೆದು ಕೊಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಉದ್ಯೋಗದ ಉದ್ದೇಶಕ್ಕೆ ಒಪ್ಪಿಗೆಯ ವಿಷಯದಲ್ಲಿ ಮಾಲೀಕರಿಗೆ ಒಂದಿಷ್ಟು ಸಡಿಲಿಕೆ ಕೊಟ್ಟಿದೆ, ಹಾಗೆಂದು ತಿಳಿಸುವುದಕ್ಕೆ ಅದೇನೂ ಅಡ್ಡಿಯಲ್ಲ. ಕಾರ್ಖಾನೆಯ, ಘಟಕದ, ಗೋದಾಮಿನ ಬಾಗಿಲಲ್ಲಿ ಒಂದು ಫಲಕ ಹಾಕಿಸಿ. ಯಂತ್ರ ಹಾಜರಿ ತಪ್ಪಿಸಿದರೆ, ಕೂಲಿ ಕಡಿತವಾದರೆ, ಅರ್ಜಿ ತಿರಸ್ಕೃತವಾದರೆ ಯಾರನ್ನು ಕೇಳಬೇಕೋ ಅವರ ಹೆಸರು, ಫೋನ್ ನಂಬರು ಅದರ ಮೇಲಿರಲಿ, ಆ ಫೋನನ್ನು ಎತ್ತುವವರು ಕನ್ನಡದಲ್ಲಿ ಮಾತಾಡಲಿ. ಇದಕ್ಕೆ ದೊಡ್ಡ ಖರ್ಚಿಲ್ಲ, ಸರ್ಕಾರದ ಆದೇಶಕ್ಕೆ ಕಾಯಬೇಕಾಗಿಯೂ ಇಲ್ಲ. ಕಬ್ಬು ನುರಿಸುವ ಮುಂದಿನ ಹಂಗಾಮಿಗೆ ಗ್ಯಾಂಗುಗಳು ಬಂದಿಳಿಯುವ ಮೊದಲೇ ಆ ಫಲಕಗಳು ಬಾಗಿಲಿಗೆ ಏರಬೇಕೆಂದು ಈ ಸಭೆ ನಿರ್ಣಯ ಕೈಗೊಳ್ಳಲಿ.