ದೂರದಿಂದ ಕಸಬಿನ ಪಾಠ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ದುಡಿಯುತ್ತ ಕಲಿಯುವುದು ಮುಂಬಯಿ ಕನ್ನಡಿಗರಿಗೆ ಹೊಸತಲ್ಲ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯ ಬೆಂಚಿನ ಮೇಲೆ ಕುಳಿತು ಮೆಟ್ರಿಕ್ ಮುಗಿಸಿದವರ ಮಕ್ಕಳು, ಮೊಮ್ಮಕ್ಕಳು ಈ ಸಭೆಯಲ್ಲಿಯೇ ಇದ್ದೀರಿ. ಈಗ ಆ ಬೆಂಚಿನ ಜಾಗಕ್ಕೆ ಮೊಬೈಲು ಬಂದಿದೆ. ದಿಲ್ಲಿ ವಿಶ್ವವಿದ್ಯಾಲಯವು 1962ರಲ್ಲಿ ಅಂಚೆಯ ಮೂಲಕ ಪಾಠ ನಡೆಸತೊಡಗಿತು. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯವು 1985ರಲ್ಲಿ ಸ್ಥಾಪಿತವಾಯಿತು. ಕೇಂದ್ರ ಸರಕಾರದ ‘ಸ್ವಯಂ’ 2017ರಲ್ಲಿ ಬಂದಿತು. 2021ರ ನಿಯಮದಂತೆ ಕಾಲೇಜೊಂದು ಒಂದು ಸೆಮಿಸ್ಟರಿನ ಪಾಠಗಳಲ್ಲಿ ಶೇಕಡಾ 40ರ ವರೆಗೆ ಅಲ್ಲಿಂದಲೇ ಪಡೆಯಲು ಅವಕಾಶ ಕೊಡಬಹುದು. ಆದುದರಿಂದ ಮನೆಯಲ್ಲಿ ಕುಳಿತು ಕಾಲೇಜು ಪಾಠ ಕಲಿಯಬಹುದೇ ಎಂಬ ಚರ್ಚೆ ಮುಗಿದಂತೆಯೇ. ಕಸಬು ಕೈಗೆ ಬರುವುದೇ ಎಂಬುದು ಮಾತ್ರ ಉಳಿದಿದೆ.

ನಾನು ಆನ್‌ಲೈನಿನಲ್ಲಿ ಕಲಿಸುವುದು ಲೆಕ್ಕಪತ್ರ ಮತ್ತು ಜಿಎಸ್‌ಟಿ. ಕಳೆದ ವರ್ಷ ನಮ್ಮ ತರಗತಿಗೆ ಸೇರಿದ ಒಬ್ಬ ತಾಯಿಯವರಲ್ಲಿ ಬೇರೊಂದು ಸಂಸ್ಥೆಯ ಪ್ರಮಾಣಪತ್ರ ಆಗಲೇ ಇತ್ತು. ಮಕ್ಕಳು ದೊಡ್ಡವರಾದ ಮೇಲೆ ನೌಕರಿಗೆ ಮರಳಬೇಕೆಂದು, ಕೂಡಿಟ್ಟ ಹಣ ಕೊಟ್ಟು ಕಲಿತಿದ್ದರು. ಸಂದರ್ಶನದಲ್ಲಿ ಅಂಗಡಿಯವರು ಒಂದು ಬಿಲ್ಲನ್ನು ಮುಂದಿಟ್ಟು, “ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ” ಎಂದರಂತೆ. ಅರುವತ್ತು ವಿಡಿಯೋ ನೋಡಿದ ಆ ತಾಯಿಗೆ ಒಂದು ಬಿಲ್ಲನ್ನೂ ಯಾರೂ ಕೈಗೆ ಕೊಟ್ಟಿರಲಿಲ್ಲ!

ನಮ್ಮಲ್ಲಿ ಮೊದಲ ದಿನವೇ ಬಿಲ್ಲುಗಳ ಕಟ್ಟನ್ನು ಕಳುಹಿಸುತ್ತೇವೆ, ಉಪನ್ಯಾಸ ಆಮೇಲೆ. ಹತ್ತು ಸಾವಿರ ರೂಪಾಯಿಯ ಸರಕು, ತೆರಿಗೆ ಶೇಕಡಾ 18 ಎನ್ನಿ. ಮುಂಬಯಿಯ ವ್ಯಾಪಾರಿ ಅದನ್ನು ಪುಣೆಗೆ ಮಾರಿದರೆ ಕೇಂದ್ರಕ್ಕೆ 900, ರಾಜ್ಯಕ್ಕೆ 900 ಎಂದು ಎರಡು ಸಾಲು ಬರೆಯಬೇಕು. ಅದೇ ಸರಕು ಬೆಳಗಾವಿಗೆ ಹೋದರೆ ಐಜಿಎಸ್‌ಟಿ ಎಂದು 1,800ರ ಒಂದೇ ಸಾಲು. ಮೊತ್ತ ಒಂದೇ ಆದುದರಿಂದ, ತಪ್ಪು ಖಾತೆಗೆ ಬರೆದರೂ ಕೂಡಿಸುವಾಗ ಗೊತ್ತಾಗುವುದಿಲ್ಲ. ಕಟ್ಟಿನೊಳಗೆ ಬೇಕೆಂದೇ ತಪ್ಪು ಬಿಲ್ಲೊಂದನ್ನು ಸೇರಿಸಿರುತ್ತೇವೆ. ಅದನ್ನು ಹಿಡಿದವರ ಉತ್ಸಾಹವನ್ನು ತಾವು ನೋಡಬೇಕು! ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಮಾರುವಾಗ ಬಂದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುವ ಕ್ರಮವನ್ನು ಆಮೇಲೆ ಕನ್ನಡದಲ್ಲಿ ಹತ್ತು ನಿಮಿಷ ಹೇಳಿದರೆ ಸಾಕು, ಏಕೆಂದರೆ ಪ್ರಶ್ನೆ ಆಗಲೇ ಅವರ ಮನಸ್ಸಿನಲ್ಲಿ ಹುಟ್ಟಿರುತ್ತದೆ. ತಿಂಗಳಿಗೊಮ್ಮೆ ರಿಟರ್ನು ಸಲ್ಲಿಸುವ ವ್ಯಾಪಾರಿಗೆ 20ನೆಯ ತಾರೀಖು ಗಡುವು. ನಮ್ಮ ವಿದ್ಯಾರ್ಥಿಗಳಿಗೂ ಅದೇ ಗಡುವು. ಮಳೆ ಬಂತು, ಲೋಕಲ್ ರೈಲು ತಡವಾಯಿತು ಎಂಬ ಮಾತು ಅಲ್ಲಿ ನಡೆಯದು.

ಇದರಲ್ಲಿ ಶ್ರಮವೆಲ್ಲ ತಿದ್ದುವುದರಲ್ಲಿದೆ. ವಿಡಿಯೋವನ್ನು ಒಮ್ಮೆ ಮಾಡಿದರೆ ಹತ್ತು ಸಾವಿರ ಜನ ನೋಡಬಹುದು, ಆದರೆ ಹತ್ತು ಸಾವಿರ ಜನರ ಲೆಕ್ಕದ ಪುಟವನ್ನು ಒಬ್ಬ ಮೇಷ್ಟ್ರು ತಿದ್ದಲಾರ. ಕುರ್ಚಿ ಬೇಡ, ಕಟ್ಟಡ ಬೇಡ ಎಂದು ಒಂದೊಂದು ತರಗತಿಗೆ ಮುನ್ನೂರು ನಾನೂರು ಜನರನ್ನು ತುಂಬಿಕೊಳ್ಳುವವರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಶುಲ್ಕ ಕಟ್ಟುವ ಮೊದಲು ತಾವು ಕೇಳಬೇಕಾದುದು ಇಷ್ಟೇ: ನಾನು ಮಾಡಿದ ಕೆಲಸವನ್ನು ಯಾರು ನೋಡುತ್ತಾರೆ, ಎಷ್ಟು ದಿನಗಳಲ್ಲಿ ತಿದ್ದಿ ಕಳುಹಿಸುತ್ತಾರೆ? ಉತ್ತರ ಬರದಿದ್ದರೆ ಹಣವನ್ನು ಮನೆಯಲ್ಲಿಯೇ ಇಟ್ಟುಕೊಳ್ಳುವುದು ಲೇಸು. ಬರಿಯ ಪಾಠ ಕೇಳುವುದಕ್ಕೆ ‘ಸ್ವಯಂ’ ಉಚಿತವಾಗಿಯೇ ಇದೆ.

ಆ ತಾಯಿ ಈಗ ದಾದರಿನ ಒಂದು ಬಟ್ಟೆಯಂಗಡಿಯ ಲೆಕ್ಕ ನೋಡುತ್ತಿದ್ದಾರೆ.

ಕೊನೆಗೆ ಕಾರ್ಯಕಾರಿ ಸಮಿತಿಯಲ್ಲಿ ಒಂದು ಅರಿಕೆ. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರ ಬಳಿ ಇರುವುದು ಮೊಬೈಲು ಒಂದೇ. ಅದರ ಚಿಕ್ಕ ಪರದೆಯ ಮೇಲೆ ಲೆಡ್ಜರು ಬರೆಯುವುದು ಅಸಾಧ್ಯ. ಸಂಘದ ವಾಚನಾಲಯವು ಭಾನುವಾರ ಬೆಳಗ್ಗೆ ಮುಚ್ಚಿರುತ್ತದೆ. ಬೀಗದ ಕೈ ಕೊಟ್ಟರೆ ಎರಡು ಹಳೆಯ ಕಂಪ್ಯೂಟರುಗಳನ್ನು ನಾನೇ ತಂದಿಡುತ್ತೇನೆ. ಒಂಬತ್ತರಿಂದ ಹನ್ನೊಂದರ ವರೆಗೆ ನಾನು ಅಲ್ಲಿರುತ್ತೇನೆ.